ಕೃತಜ್ಞ ಮೃತರ ಗಾನ

ಈ ಲೇಖನದ ವಿಷಯವನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಶಬ್ದಮಂಜರಿಯನ್ನೂ ಹಳಗನ್ನಡ ಕಾವ್ಯವನ್ನೂ ಹೇಳಿಕೊಟ್ಟು, ಈಗ ಮನೆಯ ಜಗಲಿಯಲ್ಲಿ ಕುಳಿತಿರುವ ಉಪಾಧ್ಯಾಯನೊಬ್ಬನು ಅಮೇರಿಕಾ ದೇಶದ ‘ರಾಕ್’ ಮೇಳವೊಂದರ ಚರಿತ್ರೆಯನ್ನು ಬರೆಯಹೊರಡುವುದು ಅಷ್ಟೇನೂ ಹೊಂದಿಕೆಯಾದ ಕೆಲಸವಲ್ಲವೆಂದು ನಾನೂ ಬಲ್ಲೆನು. ಆದರೆ ಚರಿತ್ರೆಯೆಂಬುದು ಅರಸರ ಪಟ್ಟಾಭಿಷೇಕಗಳಿಗೂ ದಂಡಯಾತ್ರೆಗಳಿಗೂ ಮುಗಿಯತಕ್ಕದ್ದಲ್ಲ. ಒಂದು ವಿದ್ಯೆಯು ಯಾರ ಬಾಯಿಂದ ಯಾರ ಕಿವಿಗೆ ಬಂದಿತು, ಯಾರ ಕೈಯಲ್ಲಿ ಉಳಿಯಿತು, ಯಾರ ಅಜಾಗ್ರತೆಯಿಂದ ಅಳಿಯಿತು ಎಂಬುದನ್ನು ವಿಚಾರಿಸುವುದೂ ಚರಿತ್ರಕಾರನ ಕೆಲಸವೇ ಸರಿ. ಆ ದೃಷ್ಟಿಯಿಂದ ನೋಡಿದರೆ ‘ಗ್ರೇಟ್‌ಫುಲ್ ಡೆಡ್’ ಎಂಬ ಈ ಮೇಳದ ಕಥೆಯಲ್ಲಿ ನಾವು ಕಲಿಯಬೇಕಾದುದು ಬಹಳವಿದೆ.

ನನಗೆ ಈ ಮೇಳದ ಪರಿಚಯವಾದುದು ನನ್ನ ಹಳೆಯ ಶಿಷ್ಯನೊಬ್ಬನಿಂದ. ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಉದ್ಯೋಗದಲ್ಲಿರುವ ಅವನು ದಸರೆಗೆಂದು ಊರಿಗೆ ಬಂದಾಗ ನನ್ನನ್ನು ನೋಡಲು ಬಂದಿದ್ದನು. “ಮೇಷ್ಟ್ರೇ, ೧೯೭೭ನೆಯ ಇಸವಿಯ ಒಂದು ಕಚೇರಿಯನ್ನು ಕೇಳಿಸುತ್ತೇನೆ. ಬೇಸರವಾದರೆ ನಿಲ್ಲಿಸು ಎನ್ನಿ” ಎಂದು ಹೇಳಿ ತನ್ನ ಫೋನಿನಲ್ಲಿ ಅದನ್ನು ಹಾಕಿದನು. ಎಲ್ಲವೂ ನನ್ನ ಕಿವಿಗೆ ಹಿಡಿಸಿತೆಂದು ಹೇಳಿದರೆ ಸುಳ್ಳಾದೀತು. ಆದರೆ ನಡುನಡುವೆ ಗಿಟಾರೊಂದು ದಾರಿಯನ್ನು ಹುಡುಕುತ್ತ ಹೋಗುವ ಬಗೆ ಮನಸ್ಸಿಗೆ ನಾಟಿತು. ಅದಕ್ಕಿಂತ ಹೆಚ್ಚಾಗಿ ನಾಟಿದುದು ಬೇರೊಂದು. ಆ ಮುದ್ರಣವನ್ನು ಮಾಡಿದವನು ಕಂಪೆನಿಯವನಲ್ಲ, ಸಭೆಯಲ್ಲಿ ಕುಳಿತಿದ್ದ ಒಬ್ಬ ಕೇಳುಗನು. ಅದು ಇಷ್ಟು ವರ್ಷ ಹೇಗೆ ಉಳಿಯಿತೆಂದು ನಾನು ಕೇಳಲು, ಶಿಷ್ಯನು, “ಕೇಳಿದವರೇ ಉಳಿಸಿಕೊಂಡರು ಮೇಷ್ಟ್ರೇ. ಹಾಡಿದವರು ಬೇಡವೆನ್ನಲಿಲ್ಲ” ಎಂದನು. ಈ ಮಾತು ನನ್ನನ್ನು ಚುಚ್ಚಿತು. ಏಕೆ ಚುಚ್ಚಿತೆಂಬುದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಮೊದಲು ಹೆಸರಿನ ವಿಚಾರ. ೧೯೬೫ನೆಯ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಎಂಬ ಊರಿನ ಸುತ್ತಮುತ್ತಲಿನ ಐವರು ತರುಣರು ಸೇರಿ ‘ವಾರ್‌ಲಾಕ್ಸ್’ ಎಂಬ ಮೇಳವನ್ನು ಕಟ್ಟಿದರು. ಆ ಹೆಸರಿನ ಬೇರೊಂದು ಮೇಳವಿದೆಯೆಂದು ತಿಳಿದುಬಂದುದರಿಂದ ಹೊಸ ಹೆಸರನ್ನು ಹುಡುಕಬೇಕಾಯಿತು. ಅವರಲ್ಲೊಬ್ಬನಾದ ಜೆರಿ ಗಾರ್ಸಿಯಾ ಎಂಬವನು ನಿಘಂಟೊಂದನ್ನು ತೆರೆಯಲು ‘ಗ್ರೇಟ್‌ಫುಲ್ ಡೆಡ್’ ಎಂಬ ಪದಯುಗ್ಮವು ಕಣ್ಣಿಗೆ ಬಿದ್ದಿತು. ಕೃತಜ್ಞನಾದ ಮೃತನು ಎಂದು ಅದರ ಅರ್ಥ. ಇದು ಯೂರೋಪು ಮೊದಲಾದ ಹಲವು ದೇಶಗಳಲ್ಲಿ ಹರಡಿರುವ ಒಂದು ಜನಪದ ಕಥೆಯ ಹೆಸರು. ಜೆರೌಲ್ಡ್ ಎಂಬ ಪಂಡಿತನು ೧೯೦೮ರಲ್ಲಿಯೇ ಈ ಕಥೆಯ ಪಾಠಾಂತರಗಳನ್ನೆಲ್ಲ ಕೂಡಿಸಿ ಒಂದು ಗ್ರಂಥವನ್ನು ಬರೆದಿದ್ದನು.

ಕಥೆಯ ತಿರುಳು ಹೀಗಿದೆ. ಪ್ರಯಾಣಿಕನೊಬ್ಬನು ಒಂದು ಊರಿಗೆ ಬರುತ್ತಾನೆ. ಅಲ್ಲಿ ಒಂದು ಶವವು ಸಂಸ್ಕಾರವಿಲ್ಲದೆ ಬಿದ್ದಿದೆ. ಸತ್ತವನು ಸಾಲವನ್ನು ತೀರಿಸದೆ ಸತ್ತನಾದ ಕಾರಣ ಸಾಲಗಾರರು ಶವವನ್ನು ಹೂಳಗೊಡುತ್ತಿಲ್ಲ. ಪ್ರಯಾಣಿಕನು ತನ್ನಲ್ಲಿದ್ದ ಕಡೆಯ ಕಾಸನ್ನೂ ಕೊಟ್ಟು, ಗುರುತಿಲ್ಲದ ಆ ಮೃತನ ಋಣವನ್ನು ತೀರಿಸಿ, ಸಂಸ್ಕಾರ ಮಾಡಿಸಿ ಮುಂದೆ ಹೋಗುತ್ತಾನೆ. ದಾರಿಯಲ್ಲಿ ಅಪರಿಚಿತನೊಬ್ಬನು ಜೊತೆಗೂಡಿ ಅವನನ್ನು ಆಪತ್ತುಗಳಿಂದ ಪಾರುಮಾಡಿ, ಕಡೆಗೆ ತಾನೇ ಆ ಮೃತನೆಂದು ಹೇಳಿ ಮಾಯವಾಗುತ್ತಾನೆ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳ ಮಾತನ್ನು ಕೇಳುತ್ತ ಬೆಳೆದ ನಮಗೆ ಈ ಕಥೆಯು ಪರಕೀಯವೆಂದು ತೋರುವುದಿಲ್ಲ. ನಿಘಂಟಿನಲ್ಲಿ ಕಣ್ಣುಮುಚ್ಚಿ ಆರಿಸಿದಂತೆ ಸಿಕ್ಕಿದ ಈ ಹೆಸರು ಅರವತ್ತು ವರ್ಷಗಳ ಮೇಳದ ಚರಿತ್ರೆಗೆಲ್ಲ ಹೊಂದಿಕೊಂಡುದು ಆಶ್ಚರ್ಯಕರವಾಗಿದೆ.

ಇನ್ನು ಮೇಳದವರ ವಿಚಾರ. ಗಾರ್ಸಿಯಾ ೧೯೪೨ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದವನು. ನಾಲ್ಕನೆಯ ವಯಸ್ಸಿನಲ್ಲಿ ಅಣ್ಣನು ಸೌದೆ ಸೀಳುತ್ತಿದ್ದಾಗ ಕೊಡಲಿಯೇಟು ಬಿದ್ದು ಬಲಗೈಯ ನಡುಬೆರಳಿನ ಬಹುಭಾಗವನ್ನು ಕಳೆದುಕೊಂಡನು. ಮರುವರ್ಷವೇ ತಂದೆಯು ನೀರಿನಲ್ಲಿ ಮುಳುಗಿ ತೀರಿಕೊಂಡನು. ಆ ಊನಗೈಯಿಂದಲೇ ಅವನು ಬ್ಯಾಂಜೋ ವಾದ್ಯವನ್ನೂ ಗಿಟಾರನ್ನೂ ಸಾಧಿಸಿ, ಅಂಗಡಿಯೊಂದರಲ್ಲಿ ಪಾಠ ಹೇಳಿ ಜೀವನ ಮಾಡುತ್ತಿದ್ದನು. ಬಾಬ್ ವಿಯರ್ ಎಂಬವನು ಇನ್ನೂ ಹದಿನೇಳು ವರ್ಷದ ಹುಡುಗನು. ರಾನ್ ಮೆಕರ್ನನ್ ಎಂಬವನು ನೀಗ್ರೋ ಜನರ ‘ಬ್ಲೂಸ್’ ಹಾಡುಗಳನ್ನು ಬಾಲ್ಯದಿಂದಲೇ ಮೈಗೂಡಿಸಿಕೊಂಡಿದ್ದನು. ಫಿಲ್ ಲೆಶ್ ಎಂಬವನು ಯೂರೋಪಿನ ಶಾಸ್ತ್ರೀಯ ಸಂಗೀತವನ್ನು ಕಲಿತು, ಬೆರಿಯೋ ಎಂಬ ಇಟಲಿಯ ವಾಗ್ಗೇಯಕಾರನ ಬಳಿ ರಚನಾಕ್ರಮವನ್ನು ಅಭ್ಯಾಸ ಮಾಡಿದವನು. ಬಿಲ್ ಕ್ರಾಯ್ಟ್ಸ್‌ಮನ್ ಡ್ರಮ್ ಬಾರಿಸುವವನು. ೧೯೬೭ರಲ್ಲಿ ಮಿಕಿ ಹಾರ್ಟ್ ಎಂಬ ಎರಡನೆಯ ಡ್ರಮ್‌ವಾದಕನೂ ಬಂದು ಸೇರಿದನು. ರಾಬರ್ಟ್ ಹಂಟರ್ ಎಂಬ ಕವಿಯು ವೇದಿಕೆಯನ್ನೇರದೆ ಸಾಹಿತ್ಯವನ್ನು ರಚಿಸಿ ಕೊಡುತ್ತಿದ್ದನು. ಹೀಗೆ ಹಳ್ಳಿಯ ಹಾಡು, ದಾಸ್ಯದಲ್ಲಿ ನೊಂದವರ ಹಾಡು, ವಿದ್ಯಾಪೀಠದ ಸಂಗೀತ ಎಂಬ ಬೇರೆಬೇರೆ ಹೊಳೆಗಳು ಒಂದು ಕಡೆ ಕೂಡಿಕೊಂಡವು.

ಈ ಮೇಳದ ಸಂಗೀತಕ್ಕೆ ‘ಸೈಕಡೆಲಿಕ್’ ಎಂಬ ವಿಶೇಷಣವನ್ನು ಕೊಡುತ್ತಾರೆ. ಮನಸ್ಸು ಎಂಬ ಅರ್ಥದ ಒಂದು ಗ್ರೀಕ್ ಶಬ್ದಕ್ಕೆ, ಪ್ರಕಟವಾಗುವುದು ಎಂಬ ಅರ್ಥದ ಮತ್ತೊಂದನ್ನು ಸೇರಿಸಿ, ಹಂಫ್ರಿ ಆಸ್ಮಂಡ್ ಎಂಬ ವೈದ್ಯನು ೧೯೫೦ರ ದಶಕದಲ್ಲಿ ಈ ಪದವನ್ನು ಕಟ್ಟಿದನು. ಎಲ್‌.ಎಸ್‌.ಡಿ. ಮೊದಲಾದ ಮಾದಕದ್ರವ್ಯಗಳಿಂದ ಮನಸ್ಸಿಗೆ ಆಗುವ ವಿಕಾರಗಳಿಗೆ ಅದನ್ನು ಬಳಸಿದರು. ಕೆನ್ ಕೀಸಿ ಎಂಬ ಕಾದಂಬರಿಕಾರನು ೧೯೬೫-೬೬ರಲ್ಲಿ ಈ ದ್ರವ್ಯವನ್ನು ಹಂಚಿ ನಡೆಸುತ್ತಿದ್ದ ಕೂಟಗಳಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದವರು ಇವರೇ. ಆಗ ಅಲ್ಲಿ ಅದಕ್ಕೆ ನಿಷೇಧವಿರಲಿಲ್ಲ. ೧೯೬೬ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರವು ಅದನ್ನು ನಿಷೇಧಿಸಿತು. ಈ ಭಾಗವನ್ನು ಮುಚ್ಚಿಟ್ಟು ಚರಿತ್ರೆಯನ್ನು ಬರೆಯುವುದು ಸತ್ಯಕ್ಕೆ ಅಪಚಾರ. ಹೊಗಳಿ ಬರೆಯುವುದು ನಮ್ಮ ಮನೆಯ ಮಕ್ಕಳಿಗೆ ಅಪಚಾರ. ಅದರ ಫಲವನ್ನು ಮುಂದೆ ಹೇಳುವೆನು.

ಆದರೆ ಆ ಕೂಟಗಳಿಂದ ಒಂದು ಅಭ್ಯಾಸವು ಮೇಳಕ್ಕೆ ಅಂಟಿಕೊಂಡಿತು. ಅಲ್ಲಿ ಇಂಥ ಹಾಡನ್ನು ಇಷ್ಟು ಹೊತ್ತು ಹಾಡಬೇಕೆಂಬ ಕಟ್ಟಳೆಯಿರಲಿಲ್ಲ. ಆದುದರಿಂದ ಇವರು ಒಂದು ಹಾಡನ್ನು ಎತ್ತಿಕೊಂಡು, ಅದನ್ನು ಬಿಟ್ಟು ಬಹುದೂರ ಅಲೆದು, ಪರಸ್ಪರ ಕಿವಿಗೊಟ್ಟು ಅಲ್ಲಲ್ಲೇ ಕಲ್ಪಿಸುತ್ತ, ಮತ್ತೆ ಹಾಡಿಗೆ ಬರುವ ಪದ್ಧತಿಯನ್ನು ರೂಢಿಸಿಕೊಂಡರು. ನಮ್ಮ ಸಂಗೀತದಲ್ಲಿ ಮನೋಧರ್ಮವೆಂದು ಯಾವುದನ್ನು ಕರೆಯುತ್ತೇವೆಯೋ ಅದಕ್ಕೆ ಇದು ದೂರದ ನಂಟು. ನಮ್ಮಲ್ಲಿ ರಾಗವೆಂಬ ಹದ್ದುಗಟ್ಟು ಇರುವುದು, ಅವರಲ್ಲಿ ಅಷ್ಟು ಬಿಗಿಯಾದ ಹದ್ದಿಲ್ಲ, ಎಂಬುದೇ ಭೇದ. ‘ಡಾರ್ಕ್ ಸ್ಟಾರ್’ ಎಂಬ ಅವರ ಹಾಡು ಮೊದಲು ಮೂರು ನಿಮಿಷಕ್ಕೂ ಕಡಿಮೆಯ ತಟ್ಟೆಯಾಗಿ ಹೊರಬಂದಿತು. ಅದೇ ಹಾಡು ೧೯೬೯ರ ‘ಲೈವ್/ಡೆಡ್’ ಎಂಬ ಧ್ವನಿಮುದ್ರಿಕೆಯಲ್ಲಿ ಇಪ್ಪತ್ತಮೂರು ನಿಮಿಷಗಳಷ್ಟು ಹಬ್ಬಿಕೊಂಡಿತು. ಯಾವ ಕಚೇರಿಯಲ್ಲಿ ಏನನ್ನು ಹಾಡುವರೆಂಬುದು ಮುಂಚಿತವಾಗಿ ಗೊತ್ತಿರುತ್ತಿರಲಿಲ್ಲ. ಇಂದಿನಂತೆ ನಾಳೆಯಿಲ್ಲ.

ಲಯದ ವಿಷಯದಲ್ಲಿ ಭರತಖಂಡಕ್ಕೂ ಈ ಮೇಳಕ್ಕೂ ನಿಜವಾದ ಸಂಬಂಧವೊಂದುಂಟು. ಮಿಕಿ ಹಾರ್ಟನು ತಬಲಾ ವಿದ್ವಾಂಸರಾದ ಉಸ್ತಾದ್ ಅಲ್ಲಾ ರಖಾ ಅವರ ವಾದನಕ್ಕೆ ಮನಸೋತು ಅವರಲ್ಲಿ ಪಾಠ ಹೇಳಿಸಿಕೊಂಡನು. ಅಲ್ಲಿಂದ ಮೇಳದವರೆಲ್ಲರೂ ವಿಷಮಸಂಖ್ಯೆಯ ತಾಳಗಳನ್ನು ಸಾಧನೆ ಮಾಡತೊಡಗಿದರು. ‘ದಿ ಇಲೆವೆನ್’ ಎಂಬ ಅವರ ರಚನೆಯು ಹೆಸರಿಗೆ ತಕ್ಕಂತೆ ಹನ್ನೊಂದು ಎಣಿಕೆಯ ಆವರ್ತದಲ್ಲಿ ನಡೆಯುತ್ತದೆ. ಸರೋದ್ ವಾದಕರಾದ ಅಲಿ ಅಕ್ಬರ್ ಖಾನರು ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಸಂಗೀತ ವಿದ್ಯಾಲಯದಲ್ಲಿ ಅಲ್ಲಾ ರಖಾ ಅವರ ಪುತ್ರರಾದ ಜಾಕಿರ್ ಹುಸೇನರು ಪಾಠ ಹೇಳುತ್ತಿದ್ದರು. ಅವರೂ ಹಾರ್ಟನೂ ಕೂಡಿ ೧೯೭೬ರಲ್ಲಿ ‘ದಿಗ’ ಎಂಬ ಧ್ವನಿಮುದ್ರಿಕೆಯನ್ನು ಹೊರಡಿಸಿದರು. ೧೯೯೧ರ ‘ಪ್ಲಾನೆಟ್ ಡ್ರಮ್’ ಎಂಬುದರಲ್ಲಿ ಇವರೊಡನೆ ನಮ್ಮ ದಕ್ಷಿಣದೇಶದ ಘಟವಾದಕರಾದ ವಿಕ್ಕು ವಿನಾಯಕರಾಮ್ ಅವರೂ ಇದ್ದರು. ವಿಶ್ವಸಂಗೀತವೆಂಬ ವಿಭಾಗದಲ್ಲಿ ಮೊಟ್ಟಮೊದಲು ಗ್ರ್ಯಾಮಿ ಪ್ರಶಸ್ತಿಯು ಸಂದುದು ಅದಕ್ಕೇ. ಜಾಕಿರ್ ಹುಸೇನರು ೨೦೨೪ರ ಡಿಸೆಂಬರಿನಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿಯೇ ತೀರಿಕೊಂಡರು.

ಈಗ ಪ್ರಕೃತಕ್ಕೆ ಬರೋಣ. ಒಂದು ದಿನದ ಕಚೇರಿಯು ಮತ್ತೊಂದು ದಿನ ಬರುವುದಿಲ್ಲವಾದಕಾರಣ, ಅದನ್ನು ಕೇಳಿದವನಿಗೆ ಹಿಡಿದಿಟ್ಟುಕೊಳ್ಳಬೇಕೆಂಬ ಆಶೆ ಹುಟ್ಟುವುದು ಸ್ವಾಭಾವಿಕ. ೧೯೭೦ರ ದಶಕದ ಪ್ರಾರಂಭದಿಂದಲೇ ಕೆಲವರು ಟೇಪು ಯಂತ್ರಗಳನ್ನು ಅಂಗಿಯ ಮರೆಯಲ್ಲಿ ಅಡಗಿಸಿಕೊಂಡು ಸಭೆಗೆ ಬರತೊಡಗಿದರು. ಇತರ ಮೇಳಗಳವರು ಇಂಥವರನ್ನು ಕಳ್ಳರೆಂದು ಹೊರಗೆ ಹಾಕುತ್ತಿದ್ದ ಕಾಲವದು. ಇವರು ಕ್ರಮಕ್ರಮವಾಗಿ ಕಣ್ಣುಮುಚ್ಚಿಕೊಂಡರು. ನಾವು ನುಡಿಸಿ ಮುಗಿಸಿದ ಮೇಲೆ ಅದು ಕೇಳುಗರದೇ ಎಂಬ ಅಭಿಪ್ರಾಯವನ್ನು ಗಾರ್ಸಿಯಾ ಬಹಿರಂಗವಾಗಿಯೇ ಹೇಳುತ್ತಿದ್ದನು. ಕಡೆಗೆ ಮೈಕುಗಳನ್ನು ಕಟ್ಟಿದ ಕೋಲುಗಳ ಕಾಡು ಬೆಳೆದು ಹಿಂದಿನವರಿಗೆ ವೇದಿಕೆಯೇ ಕಾಣದಂತಾಗಲು, ೧೯೮೪ರ ಅಕ್ಟೋಬರ್ ೨೭ರಂದು ಬರ್ಕ್‌ಲಿ ಎಂಬಲ್ಲಿ ನಡೆದ ಕಚೇರಿಯಿಂದ ಆರಂಭಿಸಿ, ಮುದ್ರಿಸಿಕೊಳ್ಳುವವರಿಗೆಂದೇ ಸಭೆಯಲ್ಲಿ ಬೇರೆ ಸ್ಥಳವನ್ನು ಗೊತ್ತುಮಾಡಿ, ಅದಕ್ಕೆ ಪ್ರತ್ಯೇಕ ಚೀಟಿಯನ್ನೂ ಕೊಡತೊಡಗಿದರು.

ಇದಕ್ಕಿದ್ದ ನಿಯಮವೊಂದೇ. ಮುದ್ರಿಕೆಯನ್ನು ಮಾರಕೂಡದು, ವಿನಿಮಯ ಮಾಡಬಹುದು. ಹೊಸದಾಗಿ ಬಂದವನ ಬಳಿ ಕೊಡಲು ಏನೂ ಇಲ್ಲದಿದ್ದರೆ, ಖಾಲಿ ಕ್ಯಾಸೆಟ್ಟನ್ನೂ ಅಂಚೆಯ ವೆಚ್ಚವನ್ನೂ ಕಳುಹಿಸಿದರೆ ಸಾಕು, ಗುರುತಿಲ್ಲದವರು ಪ್ರತಿಮಾಡಿ ಕಳುಹಿಸುತ್ತಿದ್ದರು. ಪ್ರತಿಯಿಂದ ಪ್ರತಿಗೆ ಹೋದಂತೆಲ್ಲ ಕ್ಯಾಸೆಟ್ಟಿನಲ್ಲಿ ಸರಬರ ಶಬ್ದವು ಹೆಚ್ಚುವುದರಿಂದ, ಇದು ಮೂಲದಿಂದ ಎಷ್ಟನೆಯ ಪ್ರತಿ, ಯಾರ ಯಂತ್ರದಿಂದ ಇಳಿದುದು ಎಂಬ ವಂಶಾವಳಿಯನ್ನು ಲಕೋಟೆಯ ಮೇಲೆ ಬರೆದಿಡುವ ಪದ್ಧತಿಯೂ ಬೆಳೆಯಿತು. ತಾಳೆಯೋಲೆಯ ಗ್ರಂಥಗಳನ್ನು ಪರಿಷ್ಕರಿಸುವ ನಮ್ಮ ಪಂಡಿತರು ಮಾಡುವುದೂ ಇದನ್ನೇ ಅಲ್ಲವೆ? ಯಾವ ಪ್ರತಿಯಿಂದ ಯಾವುದು ಇಳಿಯಿತು, ಯಾವ ಲಿಪಿಕಾರನ ಕೈಯಲ್ಲಿ ಯಾವ ಅಕ್ಷರ ಜಾರಿತು, ಎಂದು ಶೋಧಿಸಿಯೇ ಮೂಲಪಾಠವನ್ನು ನಿರ್ಣಯಿಸುತ್ತಾರೆ. ಆ ಲಿಪಿಕಾರರು ಹೊಟ್ಟೆಪಾಡಿಗಾಗಿಯೋ ಪುಣ್ಯಕ್ಕಾಗಿಯೋ ಬರೆದರು. ಇವರು ಕೇವಲ ಪ್ರೀತಿಗಾಗಿ ಮಾಡಿದರು. ಮೂವತ್ತು ವರ್ಷಗಳಲ್ಲಿ ಮೇಳದವರು ನಡೆಸಿದ ಸುಮಾರು ೨೩೦೦ ಕಚೇರಿಗಳಲ್ಲಿ ಬಹುಭಾಗವು ಇಂದು ಕೇಳಲು ದೊರೆಯುವುದಕ್ಕೆ ಇವರೂ, ಮೇಳದ ಸ್ವಂತ ಶಬ್ದತಂತ್ರಜ್ಞರೂ ಕಾರಣರು.

ಆ ತಂತ್ರಜ್ಞರಲ್ಲಿ ಇಬ್ಬರನ್ನು ಹೆಸರಿಸದೆ ಇರುವಂತಿಲ್ಲ. ಔಸ್ಲಿ ಸ್ಟ್ಯಾನ್ಲಿ ಎಂಬವನು ಎಲ್‌.ಎಸ್‌.ಡಿ.ಯನ್ನು ತಯಾರಿಸಿ ಸೆರೆಮನೆಯನ್ನು ಕಂಡವನು. ಕಚೇರಿಗಳನ್ನು ದಿನಚರಿಯಂತೆ ಮುದ್ರಿಸಿಡುವ ಅಭ್ಯಾಸವನ್ನು ಆರಂಭಿಸಿದವನೂ ಅವನೇ. ೧೯೭೪ರಲ್ಲಿ ಅವನೂ ಅವನ ಸಂಗಡಿಗರೂ ನಿಲ್ಲಿಸಿದ ‘ಶಬ್ದದ ಗೋಡೆ’ಯಲ್ಲಿ ಸುಮಾರು ೬೦೦ ಧ್ವನಿವರ್ಧಕಗಳಿದ್ದು ಒಟ್ಟು ತೂಕ ಸುಮಾರು ೭೫ ಟನ್ನುಗಳಾಗಿದ್ದಿತು. ಆ ವೆಚ್ಚವನ್ನು ತಡೆಯಲಾರದೆ ಅದೇ ವರ್ಷ ಅದನ್ನು ಕಳಚಬೇಕಾಯಿತು. ಮತ್ತೊಬ್ಬಳು ಬೆಟಿ ಕ್ಯಾಂಟರ್ ಎಂಬ ಹೆಂಗಸು. ಅವಳು ಮುದ್ರಿಸಿದ್ದ ಸುರುಳಿಗಳು ೧೯೮೬ರಲ್ಲಿ, ಬಾಡಿಗೆ ಸಂದಾಯವಾಗದ ದಾಸ್ತಾನಿನ ಕೋಣೆಯೊಂದರಿಂದ ಹರಾಜಾಗಿ ಕಂಡವರ ಕೈಸೇರಿದವು. ಅವನ್ನು ಕೊಂಡವರಲ್ಲಿ ಮೇಳದ ಅಭಿಮಾನಿಗಳಿದ್ದುದರಿಂದಲೇ ಅವು ಉಳಿದವು. ೧೯೭೭ರ ಮೇ ೮ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಸಭಾಂಗಣದಲ್ಲಿ ನಡೆದ ಕಚೇರಿಯು ಅವಳ ಸುರುಳಿಗಳಲ್ಲೊಂದು. ರಾಷ್ಟ್ರದ ಸಂಸ್ಕೃತಿಗೆ ಅವಶ್ಯವಾದ ಶಬ್ದಗಳನ್ನು ಶಾಶ್ವತವಾಗಿ ಕಾಪಾಡಲೆಂದು ಅಮೇರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ ಆರಿಸುವ ಪಟ್ಟಿಯಲ್ಲಿ, ೨೦೧೧ನೆಯ ಸಾಲಿಗೆ ಅದೂ ಸೇರಿತು. ಹರಾಜಿಗೆ ಬಿದ್ದ ಸರಕು ರಾಷ್ಟ್ರದ ನಿಧಿಯಾಯಿತು.

ಬಿಟ್ಟಿಯಾಗಿ ಹಂಚಿದವರ ಗಂಟು ಕರಗಲಿಲ್ಲವೆ ಎಂದು ಲೋಕಜ್ಞರು ಕೇಳಬಹುದು. ಕರಗಲಿಲ್ಲವೆಂಬುದೇ ಇಲ್ಲಿನ ವಿಶೇಷ. ಕ್ಯಾಸೆಟ್ಟನ್ನು ಕೇಳಿದವನು ಕಚೇರಿಗೆ ಬಂದನು. ಬಂದವನು ಗೆಳೆಯನನ್ನು ಕರೆತಂದನು. ೧೯೮೭ರವರೆಗೆ ಇವರ ಒಂದು ಹಾಡೂ ಜನಪ್ರಿಯತೆಯ ಪಟ್ಟಿಯ ಮೊದಲ ಹತ್ತರಲ್ಲಿ ಬಂದಿರಲಿಲ್ಲ. ಆದರೂ ಅಮೇರಿಕೆಯಲ್ಲಿ ಅತಿಹೆಚ್ಚು ಜನರನ್ನು ಸೆಳೆಯುವ ಮೇಳಗಳಲ್ಲಿ ಇವರದೂ ಒಂದಾಗಿದ್ದಿತು. ‘ಡೆಡ್‌ಹೆಡ್’ರೆಂದು ಕರೆಯಿಸಿಕೊಳ್ಳುವ ಅಭಿಮಾನಿಗಳು ಊರಿಂದೂರಿಗೆ ಮೇಳವನ್ನು ಹಿಂಬಾಲಿಸುತ್ತಿದ್ದರು. ಹಳೆಯ ಕಚೇರಿಗಳ ಮುದ್ರಿಕೆಗಳನ್ನು ಸಂಸ್ಕರಿಸಿ ಹೊರತರುವ ಕಾರ್ಯವು ಗಾರ್ಸಿಯಾ ಸತ್ತ ಬಹುಕಾಲದ ಮೇಲೂ ನಡೆದು, ೨೦೨೪ರ ಫೆಬ್ರವರಿಯಲ್ಲಿ ಈ ಮೇಳದ ೫೯ನೆಯ ಮುದ್ರಿಕೆಯು ಬಿಲ್‌ಬೋರ್ಡ್ ಪಟ್ಟಿಯ ಮೊದಲ ನಲವತ್ತರೊಳಗೆ ಬಂದಿತು. ಆ ಪಟ್ಟಿಯಲ್ಲಿ ಅಷ್ಟು ಸಂಖ್ಯೆಯನ್ನು ಅದುವರೆಗೆ ಬೇರೆ ಯಾರೂ ಮುಟ್ಟಿರಲಿಲ್ಲ. ಕೊಟ್ಟಷ್ಟೂ ಬೆಳೆಯುವ ಧನವು ವಿದ್ಯೆಯೊಂದೇ ಎಂದು ನಾವು ಮಕ್ಕಳಿಗೆ ಕಾಪಿ ಬರೆಯಿಸುತ್ತೇವೆ. ಅದನ್ನು ವ್ಯವಹಾರದಲ್ಲಿ ಪ್ರಯೋಗಿಸಿ ನೋಡಿದವರು ಇವರು.

ಹಾಗೆಂದು ಕೊಡುವ ಬುದ್ಧಿಯು ಯಾವಾಗಲೂ ಏಕರೀತಿಯಾಗಿ ಇದ್ದಿತೆಂದು ಹೇಳುವಂತಿಲ್ಲ. ಅಂತರ್ಜಾಲದ ಕಾಲವು ಬಂದ ಮೇಲೆ ‘ಇಂಟರ್‌ನೆಟ್ ಆರ್ಕೈವ್’ ಎಂಬ ಧರ್ಮಾರ್ಥ ಗ್ರಂಥಭಂಡಾರದಲ್ಲಿ ಅಭಿಮಾನಿಗಳು ಸಾವಿರಾರು ಮುದ್ರಣಗಳನ್ನು ಇರಿಸಿದ್ದರು. ೨೦೦೫ರ ನವೆಂಬರಿನಲ್ಲಿ ಮೇಳದ ಪಕ್ಷದಿಂದ ಬಂದ ಸೂಚನೆಯಂತೆ ಅವನ್ನು ಇಳಿಸಿಕೊಳ್ಳುವ ಸೌಕರ್ಯವು ನಿಂತುಹೋಯಿತು. ಅಭಿಮಾನಿಗಳಲ್ಲಿ ದೊಡ್ಡ ಕೂಗೆದ್ದಿತು. ಫಿಲ್ ಲೆಶ್ ತನ್ನ ಅಸಮ್ಮತಿಯನ್ನು ಬಹಿರಂಗವಾಗಿ ಸೂಚಿಸಿದನು. ಕೆಲವೇ ದಿನಗಳಲ್ಲಿ ಒಪ್ಪಂದವಾಗಿ, ಸಭಿಕರು ಮಾಡಿದ ಮುದ್ರಣಗಳನ್ನು ಎಂದಿನಂತೆ ಇಳಿಸಿಕೊಳ್ಳಬಹುದೆಂದೂ, ಮೇಳದ ಯಂತ್ರದಿಂದಲೇ ಬಂದವನ್ನು ಅಲ್ಲಿಯೇ ಕೇಳಬಹುದೆಂದೂ ಗೊತ್ತಾಯಿತು. ಹಾಡಿದವರಿಗೂ ಸಂಸಾರಗಳಿವೆ, ಅವರ ಹಕ್ಕನ್ನು ತಳ್ಳಿಹಾಕುವಂತಿಲ್ಲ. ಆದರೆ ಒಮ್ಮೆ ಧಾರೆಯೆರೆದುದನ್ನು ಹಿಂದಕ್ಕೆ ಕೇಳಲು ಹೋದರೆ ಸ್ವಂತ ಮನೆಯಲ್ಲಿಯೇ ಎರಡು ಮಾತುಗಳಾಗುವುವೆಂಬುದು ಇದರಿಂದ ಸ್ಪಷ್ಟವಾಯಿತು. ಮೇಳಕ್ಕೆ ಹಾಡು ಬರೆಯುತ್ತಿದ್ದ ಜಾನ್ ಪೆರಿ ಬಾರ್ಲೋ ಎಂಬವನಂತೂ ೧೯೯೦ರಲ್ಲಿಯೇ ‘ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್’ ಎಂಬ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾಗಿ, ಅಂತರ್ಜಾಲದಲ್ಲಿ ವಿಚಾರಗಳ ಸ್ವಾತಂತ್ರ್ಯಕ್ಕಾಗಿ ಹೋರಾಡಿದನು. ಟೇಪುಗಳ ವಿನಿಮಯದಲ್ಲಿ ಕಂಡ ಅನುಭವವನ್ನೇ ಅವನು ತನ್ನ ವಾದಕ್ಕೆ ದೃಷ್ಟಾಂತವಾಗಿ ಕೊಡುತ್ತಿದ್ದನು.

ಈಗ ಕಹಿಯಾದ ಭಾಗವನ್ನು ಹೇಳಬೇಕು. ಮೆಕರ್ನನ್ ಮದ್ಯಪಾನದಿಂದ ದೇಹವನ್ನು ಕೆಡಿಸಿಕೊಂಡು ೧೯೭೩ರಲ್ಲಿ ತನ್ನ ೨೭ನೆಯ ವಯಸ್ಸಿನಲ್ಲಿ ಸತ್ತನು. ಕೀಬೋರ್ಡ್ ವಾದ್ಯದ ಸ್ಥಾನಕ್ಕೆ ಬಂದವರಲ್ಲಿ ಕೀತ್ ಗಾಡ್‌ಶೋ ಮೇಳವನ್ನು ಬಿಟ್ಟ ಮರುವರ್ಷ, ೧೯೮೦ರಲ್ಲಿ, ಮೋಟಾರು ಅಪಘಾತದಿಂದಲೂ, ಬ್ರೆಂಟ್ ಮಿಡ್ಲಂಡ್ ೧೯೯೦ರಲ್ಲಿ ಮಾದಕದ್ರವ್ಯದಿಂದಲೂ ತೀರಿಕೊಂಡರು. ಗಾರ್ಸಿಯಾ ಹೆರಾಯಿನ್ ಎಂಬ ವಿಷಕ್ಕೆ ದಾಸನಾಗಿದ್ದನು. ೧೯೮೬ರಲ್ಲಿ ಮಧುಮೇಹದಿಂದ ದಿನಗಟ್ಟಲೆ ಪ್ರಜ್ಞಾಶೂನ್ಯನಾಗಿ ಬಿದ್ದು, ಎದ್ದ ಮೇಲೆ ತಾನು ನುಡಿಸುತ್ತಿದ್ದ ಗಿಟಾರನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಕಲಿತನು. ಆದರೂ ಚಟವು ಬಿಡಲಿಲ್ಲ. ೧೯೯೫ರ ಜುಲೈ ೯ರಂದು ಷಿಕಾಗೋ ನಗರದಲ್ಲಿ ನುಡಿಸಿದುದೇ ಕಡೆಯ ಕಚೇರಿಯಾಗಿ, ಆಗಸ್ಟ್ ೯ರಂದು ಚಿಕಿತ್ಸಾಗೃಹವೊಂದರಲ್ಲಿ ೫೩ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಸತ್ತನು. ಮನಸ್ಸನ್ನು ಪ್ರಕಾಶಗೊಳಿಸುವುದೆಂದು ಹೊರಟ ದಾರಿಯು ಎಲ್ಲಿಗೆ ಮುಟ್ಟಿತೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗಿಲ್ಲ. ಆ ಸಂಗೀತಕ್ಕೆ ಮಾದಕವೇ ಕಾರಣವೆಂದು ಹೇಳುವ ತರುಣರಿಗೆ ನನ್ನ ಉತ್ತರವಿಷ್ಟೆ: ಆ ದ್ರವ್ಯವನ್ನು ಸಾವಿರಾರು ಜನರು ಸೇವಿಸಿದರು. ಊನಬೆರಳಿನ ಕೈಯಿಂದ ದಿನಗಟ್ಟಲೆ ಸಾಧನೆ ಮಾಡಿದವನು ಒಬ್ಬನೇ.

ಗಾರ್ಸಿಯಾ ತೀರಿಕೊಂಡ ವರ್ಷವೇ ಉಳಿದವರು ‘ಗ್ರೇಟ್‌ಫುಲ್ ಡೆಡ್’ ಎಂಬ ಹೆಸರಿನಿಂದ ನುಡಿಸುವುದನ್ನು ನಿಲ್ಲಿಸಿದರು. ಆದರೆ ಹಾಡುಗಳು ನಿಲ್ಲಲಿಲ್ಲ. ೨೦೧೫ರಲ್ಲಿ ಐವತ್ತು ವರ್ಷ ತುಂಬಿದಾಗ ಷಿಕಾಗೋ ನಗರದ ಅದೇ ಮೈದಾನದಲ್ಲಿ ಮೂರು ದಿನ ಕೂಡಿ ನುಡಿಸಿದರು. ಅರವತ್ತು ತುಂಬಿದಾಗ, ೨೦೨೫ರ ಆಗಸ್ಟ್ ೧ರಿಂದ ೩ರವರೆಗೆ, ವಿಯರನೂ ಹಾರ್ಟನೂ ಹೊಸ ತಲೆಮಾರಿನವರೊಡನೆ ಸಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಉದ್ಯಾನದಲ್ಲಿ ನುಡಿಸಿದರು. ಮೇಳದ ಕಾಗದಪತ್ರಗಳೆಲ್ಲವೂ ೨೦೦೮ರಲ್ಲಿ ಸಾಂತಾ ಕ್ರೂಸ್ ಎಂಬಲ್ಲಿನ ವಿಶ್ವವಿದ್ಯಾನಿಲಯಕ್ಕೆ ದಾನವಾಗಿ ಸಂದವು. ೧೯೮೩ರಲ್ಲಿ ಇವರು ಸ್ಥಾಪಿಸಿದ ‘ರೆಕ್ಸ್ ಫೌಂಡೇಷನ್’ ಎಂಬ ಧರ್ಮಸಂಸ್ಥೆಗೆ ಇಟ್ಟ ಹೆಸರು ಹಣವಂತನದಲ್ಲ, ಮೇಳದ ಸಾಮಾನುಗಳನ್ನು ಹೊತ್ತು ಸಾಗಿಸುತ್ತಿದ್ದವರಲ್ಲಿ ಅಪಘಾತದಿಂದ ಸತ್ತ ಒಬ್ಬನದು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದುದು ಫಿಲ್ ಲೆಶ್‌ನ ವೃತ್ತಾಂತ. ೧೯೯೮ರಲ್ಲಿ ಅವನ ಯಕೃತ್ತು ಕೆಟ್ಟು ಮರಣವು ಸಮೀಪಿಸಿದಾಗ, ಅಕಾಲದಲ್ಲಿ ತೀರಿಹೋದ ಒಬ್ಬ ತರುಣನ ಯಕೃತ್ತನ್ನು ಜೋಡಿಸಿ ವೈದ್ಯರು ಉಳಿಸಿದರು. ಅದಾದಮೇಲೆ ೨೦೨೪ರ ಅಕ್ಟೋಬರ್ ೨೫ರಂದು ೮೪ನೆಯ ವಯಸ್ಸಿನಲ್ಲಿ ಸಾಯುವವರೆಗೂ ಅವನು ಬದುಕಿದುದು ಪರರ ಋಣದಲ್ಲಿ. ಕಚೇರಿಯ ಕೊನೆಯಲ್ಲಿ ಮುಂದೆ ಬಂದು ನಿಂತು, ಆ ತರುಣನ ಹೆಸರನ್ನು ಹೇಳಿ, ನೀವೂ ನಿಮ್ಮ ಅಂಗಗಳನ್ನು ದಾನಕ್ಕೆ ಬರೆದಿಡಿರಿ ಎಂದು ಸಭಿಕರನ್ನು ಬೇಡಿಕೊಳ್ಳುವುದು ಅವನಿಗೆ ನೇಮವೇ ಆಯಿತು. ಹಳೆಯ ಕಥೆಯಲ್ಲಿ ಜೀವಂತನು ಮೃತನ ಸಾಲವನ್ನು ತೀರಿಸಿದನು. ಇಲ್ಲಿ ಮೃತನು ಜೀವಂತನನ್ನು ಸಾಲಿಗನನ್ನಾಗಿ ಮಾಡಿ ಹೋದನು. ಮರಳಿ ಕೊಡಲು ಅವನಿಲ್ಲ. ಕಾಣದ ಮತ್ತೊಬ್ಬನಿಗೆ ಕೊಡಿಸುವುದೊಂದೇ ಆ ಸಾಲವನ್ನು ತೀರಿಸುವ ದಾರಿ. ಋಷಿಋಣವನ್ನು ಋಷಿಗಳಿಗೆ ಹಿಂದಿರುಗಿಸುವುದಕ್ಕಾಗದು, ಶಿಷ್ಯನಿಗೆ ಹೇಳಿಕೊಟ್ಟೇ ತೀರಿಸಬೇಕು, ಎಂದು ನಮ್ಮ ಗುರುಗಳು ಹೇಳುತ್ತಿದ್ದುದರ ಅರ್ಥ ಇದೇ ಅಲ್ಲವೆ?

ಆ ಗುರುಗಳ ವಿಚಾರವೇ ನನ್ನನ್ನು ಚುಚ್ಚಿದುದು. ಅವರು ರಘುವಂಶದ ಪಾಠ ಹೇಳುವಾಗ ಶ್ಲೋಕವನ್ನು ಮೊದಲು ರಾಗವಾಗಿ ಓದಿ, ಅನ್ವಯ ಮಾಡಿ, ಮತ್ತೆ ಓದುತ್ತಿದ್ದರು. ಎರಡನೆಯ ಸಲ ಓದುವಾಗ ಅರ್ಥವೆಲ್ಲವೂ ಸ್ವರದಲ್ಲಿಯೇ ಇರುತ್ತಿದ್ದಿತು. ಅವರ ಕಡೆಗಾಲದಲ್ಲಿ, ನನಗೆ ಉದ್ಯೋಗವಾದ ಹೊಸದರಲ್ಲಿ, ಸಾಲದ ಟೇಪು ಯಂತ್ರವೊಂದನ್ನು ತಂದು ಎರಡು ಕ್ಯಾಸೆಟ್ಟುಗಳಷ್ಟು ಪಾಠವನ್ನು ಮುದ್ರಿಸಿಕೊಂಡಿದ್ದೆನು. ಗುರುಗಳು ತೀರಿಕೊಂಡ ಮೇಲೆ ಸಹಪಾಠಿಯೊಬ್ಬರು, “ಒಂದು ವಾರದ ಮಟ್ಟಿಗೆ ಕೊಡಯ್ಯಾ, ಪ್ರತಿಮಾಡಿ ತಂದುಕೊಡುತ್ತೇನೆ” ಎಂದು ಎರಡು ಸಲ ಕೇಳಿದರು. ಅಮೂಲ್ಯವಾದ ವಸ್ತು ಕೈತಪ್ಪಿದರೆ ಗತಿಯೇನೆಂದು ಹೆದರಿ, ಏನೋ ನೆಪ ಹೇಳಿ ನಾನು ಕೊಡಲಿಲ್ಲ. ಮಡಿಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆನು. ಹಲವು ಮಳೆಗಾಲಗಳು ಕಳೆದ ಮೇಲೆ ತೆರೆದು ನೋಡಿದರೆ ಬೂಷ್ಟು ಹಿಡಿದು ಸುರುಳಿಯು ಒಂದಕ್ಕೊಂದು ಅಂಟಿಹೋಗಿದ್ದಿತು. ಪಟ್ಟಣದಲ್ಲಿ ಬಲ್ಲವರಿಗೆ ತೋರಿಸಿದೆನು. ಏನೂ ಉಳಿಯಲಿಲ್ಲ. ಕೇಳಿದ ಸಹಪಾಠಿಯೂ ಈಗಿಲ್ಲ. ಕ್ಯಾಲಿಫೋರ್ನಿಯ ಹಾಡುಗಾರರ ಕೆಮ್ಮು ಕೂಡ ಲೋಕಕ್ಕೆ ಕೇಳಿಸುತ್ತಿದೆ. ನನ್ನ ಗುರುಗಳ ಕಂಠವು ನನ್ನ ಬೀಗದೊಳಗೆ ಸತ್ತಿತು.

ಆ ಮೇಳದ ನಡತೆಯನ್ನೆಲ್ಲ ನಾನು ಅನುಮೋದಿಸುವವನಲ್ಲವೆಂದು ಮೇಲೆಯೇ ಹೇಳಿದ್ದೇನೆ. ಆದರೆ ಕೇಳುಗರನ್ನು ನಂಬಿ ಕೊಟ್ಟುದು ಉಳಿಯಿತು, ನಂಬದೆ ಬಚ್ಚಿಟ್ಟುದು ಅಳಿಯಿತು ಎಂಬ ಈ ಒಂದು ಪಾಠದಲ್ಲಿ ಅವರು ನನಗಿಂತ ಒಳ್ಳೆಯ ವಿದ್ಯಾರ್ಥಿಗಳೆಂದು ಒಪ್ಪಿಕೊಳ್ಳುತ್ತೇನೆ. ಗುರುಗಳ ಪಾಠದ ಟಿಪ್ಪಣಿಗಳು ಏಳು ಪುಸ್ತಕಗಳಷ್ಟು ನನ್ನ ಬಳಿ ಉಳಿದಿವೆ. ಅವುಗಳ ಪ್ರತಿಗಳನ್ನು ಮಾಡಿಸಿ, ಬಯಸಿದ ವಿದ್ಯಾರ್ಥಿಗಳಿಗೆ ಕೊಡಲು ಆರಂಭಿಸಿದ್ದೇನೆ. ನಮ್ಮ ಜಿಲ್ಲೆಯ ಮನೆಮನೆಗಳಲ್ಲಿ ಅಜ್ಜಿಯರ ಸಂಪ್ರದಾಯದ ಹಾಡು, ಗಮಕಿಗಳ ವಾಚನ, ಭಾಗವತರ ಪದಗಳನ್ನು ಮುದ್ರಿಸಿದ ಹಳೆಯ ಕ್ಯಾಸೆಟ್ಟುಗಳು ಪೆಟ್ಟಿಗೆಗಳಲ್ಲಿ ಇದ್ದೇ ಇರಬೇಕು. ಈ ಮಳೆಗಾಲಕ್ಕೆ ಮುಂಚೆ ಅವನ್ನು ಹೊರತೆಗೆದು, ಪ್ರತಿಮಾಡಿಸಿ, ನೆಂಟರಿಗೂ ನೆರೆಯವರಿಗೂ ಹಂಚಬೇಕೆಂದು ವಾಚಕರಲ್ಲಿ ವಿನಯಪೂರ್ವಕವಾಗಿ ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.